ಆಗಮ ಸಂಧಿ

ಕಾರ್ಖಾನೆ ಮಾರಲು ಬಂದಿದ್ದ ಹಿರಿಯರು ಮೇಜಿನ ಆಚೆ ಬದಿಯಿಂದ, ತಮ್ಮ ಕೆಲಸಗಾರರನ್ನು ಮೂರು ವರ್ಷ ಕೆಲಸದಿಂದ ತೆಗೆಯುವುದಿಲ್ಲ ತಾನೆ ಎಂದು ಕೇಳಿದರು. ಈಚೆ ಬದಿಯಲ್ಲಿ ಕೂತಿದ್ದ ಕೊಳ್ಳುವ ಕಂಪನಿಯ ಅಧಿಕಾರಿ ಉತ್ತರಿಸಲು ಬಾಯಿ ತೆರೆದ. ತನ್ನ ಕಾಲರಿನ ಮೇಲಿದ್ದ ಗುಂಡಿಯ ನೆನಪಾಗಿ ಮತ್ತೆ ಬಾಯಿ ಮುಚ್ಚಿದ. ನಾಲ್ಕು ಗುಟುಕು ನೀರು ಕುಡಿದು, ಪಕ್ಕದವರ ಕಿವಿಯಲ್ಲಿ ಏನೋ ಪಿಸುಗುಟ್ಟಿ, ಕಡೆಗೆ "ತೆಗೆಯುವುದಿಲ್ಲ" ಎಂದ. ಕಡಲೆಕಾಳಿನಷ್ಟಿದ್ದ ಗುಂಡಿ ಹಸಿರಾಗಿ ಮಿನುಗಿತು. ಹಿರಿಯರು ಆ ಬೆಳಕನ್ನು ನೋಡಿ ತಲೆಯಾಡಿಸಿದರು.

ಈ ಗುಂಡಿಗೆ ನುಡಿಗಾವಲು ಎಂದು ಹೆಸರು. ಅದು ಬರುವುದಕ್ಕೆ ಮುಂಚೆ ಕಂಪನಿ ಮಾರಾಟದ ಮಾತುಕತೆಗಳಲ್ಲಿ ಬಾಯಿಗೆ ಬಂದ ಭರವಸೆಗಳು ಧಾರಾಳವಾಗಿ ಹರಿಯುತ್ತಿದ್ದವು. ನಿಮ್ಮ ಹೆಸರಿನ ಬೋರ್ಡು ಹಾಗೇ ಇರುತ್ತದೆ, ನಿಮ್ಮ ಜನ ನಮ್ಮ ಜನ ಎಂದೆಲ್ಲ ಹೇಳಿ ಸಹಿ ಹಾಕಿಸಿಕೊಂಡ ಮೇಲೆ, ಬೋರ್ಡು ಗುಜರಿ ಅಂಗಡಿಗೆ ಹೋಗುತ್ತಿತ್ತು, ಜನ ಬೀದಿಗೆ ಬರುತ್ತಿದ್ದರು. ಕೋರ್ಟಿಗೆ ಹೋದರೆ, ಕಾಗದದಲ್ಲಿ ಇಲ್ಲವಲ್ಲ ಎಂಬ ಉತ್ತರ. ಅದಕ್ಕಾಗಿಯೇ ಈ ಯಂತ್ರವನ್ನು ಮಾಡಿ, ವ್ಯವಹಾರ ಮಾಡುವವರು, ಮಾಡಿಸುವವರು ಎಲ್ಲರ ಕಾಲರಿಗೂ ಹಾಕಿಸಿದರು. ಆಡಿದ ಮಾತುಗಳ ರಾಶಿಯಲ್ಲಿ ಯಾವುದು ಹರಟೆ, ಯಾವುದು ವಚನ ಎಂದು ಅದು ಕ್ರಿಯಾಪದ ಹಿಡಿದು ಜರಡಿಯಾಡುತ್ತಿತ್ತು. ವಚನವಾದರೆ ಹಸಿರು ಬೆಳಗಿ, ನುಡಿಕೋಠಿ ಎಂಬ ಕೇಂದ್ರಕ್ಕೆ ಕಳಿಸುತ್ತಿತ್ತು. ಮಾತು ಪಡೆದವರ ಮನೆಯ ಗೋಡೆಗೆ ಒಂದು ಪುಟ್ಟ ಫಲಕ. ತಮಗೆ ಯಾರು ಏನು ಬಾಕಿ ಇದ್ದಾರೆಂಬುದು ಅದರಲ್ಲಿ ಕಾಣುತ್ತಿತ್ತು. ಮಾತು ಕೊಟ್ಟವರಿಗೆ ಮಾತ್ರ ಯಾವ ಫಲಕವೂ ಇರಲಿಲ್ಲ. ಕೊಟ್ಟ ಮಾತು ಕೊಟ್ಟವರಿಗೇ ನೆನಪಿರಬೇಕು ಎಂಬುದು ಕಾನೂನು ಬರೆದವರ ಆಶಯ. ಅವರು ಒಳ್ಳೆಯ ಜನ, ಪಾಪ.

ಯಂತ್ರ ಬಂದದ್ದೇ ತಡ, ವ್ಯಾಪಾರಿಗಳ ನಾಲಿಗೆಗೆ ಬೀಗ ಬಿತ್ತು. ಸಂಜೆ ಕಾಫಿಗೆ ಸಿಗೋಣ ಎನ್ನುವುದಕ್ಕೂ ಹಿಂದೆ ಮುಂದೆ ನೋಡುವಂತಾಯಿತು. 'ನೋಡೋಣ' ಎಂಬ ಪದಕ್ಕೆ ಮಾತ್ರ ಎಲ್ಲಿಲ್ಲದ ಬೆಲೆ ಬಂತು. ಅದು ಹೌದೋ ಅಲ್ಲವೋ ಎಂದು ಯಂತ್ರಕ್ಕೆ ತಿಳಿಯಲಿಲ್ಲ. ನಮಗೇ ಇಷ್ಟು ಶತಮಾನಗಳಿಂದ ತಿಳಿದಿಲ್ಲ, ಯಂತ್ರವನ್ನು ದೂರಿ ಏನು ಫಲ.

ಆ ದಿನ ಮೇಜಿನ ತುದಿಯಲ್ಲಿ ಕೂತು ಎರಡೂ ಕಡೆಯವರನ್ನು ಸಂಭಾಳಿಸುತ್ತಿದ್ದವಳು ತನ್ಮಯಿ. ಒಂದು ಕಂಪನಿ ಇನ್ನೊಂದರಲ್ಲಿ ವಿಲೀನವಾಗುವಾಗ, ಒಂದನ್ನು ಇನ್ನೊಂದು ಕೊಳ್ಳುವಾಗ, ಬೆಲೆ ಕಟ್ಟಿ, ಮಾತು ಕೂಡಿಸಿ, ಸಹಿಯವರೆಗೆ ನಡೆಸಿಕೊಂಡು ಹೋಗುವ ಸಲಹೆಗಾರ್ತಿ. ಬೆಂಗಳೂರಿನಲ್ಲಿ ಆ ಕಸುಬಿನವರು ಬೇಕಾದಷ್ಟು ಜನ ಇದ್ದರು. ಆದರೆ ತಿಪಟೂರು, ಹರಿಹರ, ಗೋಕಾಕದ ಮನೆತನದ ಕಂಪನಿಗಳ ಮಾಲೀಕರು ಬಾಗಿಲು ತೆರೆಯುತ್ತಿದ್ದದ್ದು ಇವಳೊಬ್ಬಳಿಗೇ ಎಂದು ಪ್ರತೀತಿ. ತಂದೆ ರೈಲ್ವೆಯಲ್ಲಿದ್ದವರು. ಊರೂರು ತಿರುಗಿದ್ದರಿಂದ ಎಲ್ಲ ಸೀಮೆಯ ಕನ್ನಡವೂ ಅವಳ ನಾಲಿಗೆಗೆ ಹತ್ತಿತ್ತು. ಯಾವ ಊರೂ ತನ್ನದೆಂದು ಹತ್ತಿರಲಿಲ್ಲ.

ಕಸುಬು ಕಲಿಸಿದವರು ಸಂಸ್ಥೆಯ ಹಿರಿಯ ಪಾಲುದಾರರಾದ ಪದ್ಮರಾಜಯ್ಯನವರು. ಅವರ ಪಾಠವೆಲ್ಲ ಶಾಲೆಯ ವ್ಯಾಕರಣದಲ್ಲಿ. ವಿಲೀನವೆಂದರೆ ಸಂಧಿ ಕಣಮ್ಮ, ಎನ್ನುತ್ತಿದ್ದರು. ಮಾತು ಇಲ್ಲ ಸೇರಿ 'ಮಾತಿಲ್ಲ' ಆಗುವಾಗ ನಡುವಿನ ಒಂದು ಸ್ವರ ಹೇಳದೆ ಕೇಳದೆ ಮಾಯವಾಗುತ್ತದೆ. ಅದು ಲೋಪಸಂಧಿ. ದೊಡ್ಡ ಕಂಪನಿ ಚಿಕ್ಕದನ್ನು ಕೊಂಡಾಗ ಚಿಕ್ಕದರ ಹೆಸರು ಹೋಗುವುದು ಹಾಗೆ. ಮಳೆ, ಕಾಲ ಸೇರಿ 'ಮಳೆಗಾಲ' ಆಗುವಾಗ ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ, ಅದು ಆದೇಶಸಂಧಿ. ಕುರ್ಚಿ ಅದೇ, ಕೂತವರು ಬೇರೆ. ಹಾಗಾದರೆ ಆಗಮ ಸಂಧಿ, ಎಂದು ಹೊಸದಾಗಿ ಸೇರಿದ್ದ ತನ್ಮಯಿ ಕೇಳಿದ್ದಳು. ಮನೆ, ಅಲ್ಲಿ ಸೇರಿ 'ಮನೆಯಲ್ಲಿ' ಆಗುವಾಗ ಎರಡೂ ಉಳಿದು ನಡುವೆ ಹೊಸತೊಂದು ಬರುತ್ತದಲ್ಲ, ಅದು ಎಂದು ನೆನಪಿಸಿದ್ದಳು. ಪದ್ಮರಾಜಯ್ಯ ನಕ್ಕು, ಅದು ನಮ್ಮ ವ್ಯಾಪಾರದಲ್ಲಿ ಇಲ್ಲಮ್ಮ ಎಂದಿದ್ದರು.

ಆರಂಭದಲ್ಲಿ ಅವಳು ಹಗಲೂ ರಾತ್ರಿ ಲೆಕ್ಕದ ಹಾಳೆಗಳಲ್ಲಿ ಮುಳುಗಿ ಕಂಪನಿಗಳಿಗೆ ಬೆಲೆ ಕಟ್ಟುತ್ತಿದ್ದಳು. ಬರಬರುತ್ತ, ಬೆಲೆ ಕಟ್ಟುವುದು ಯಂತ್ರಕ್ಕೂ ಬರುತ್ತದೆ, ಮಾಲೀಕರ ಎದುರು ಕೂರುವುದು ಬರುವುದಿಲ್ಲ ಎಂದು ಗೊತ್ತಾಯಿತು. ಹರಿಹರದ ಒಂದು ಮನೆಗೆ ನಾಲ್ಕು ಸಲ ಹೋಗಿ, ವ್ಯವಹಾರದ ಸುದ್ದಿಯನ್ನೇ ಎತ್ತದೆ, ಮಂಡಕ್ಕಿ ತಿಂದು, ಅಣ್ಣತಮ್ಮಂದಿರ ಜಗಳ ಕೇಳಿ ಬಂದಿದ್ದಳು. ಐದನೆಯ ಸಲ ಮಾಲೀಕರೇ ಸುದ್ದಿ ಎತ್ತಿದರು. ಬೇರೆ ಸಲಹೆಗಾರರು ಕೈಕುಲುಕಿ 'ಬೈ' ಎಂದು ಕಾರು ಹತ್ತುವವರು. ತನ್ಮಯಿ ಹೊಸ್ತಿಲಲ್ಲಿ ನಿಂತು, ಮನೆಯ ಹೆಂಗಸರಿಂದ ಕುಂಕುಮ ಇಡಿಸಿಕೊಂಡು, "ಬರ್ತೀನಿ" ಎನ್ನುತ್ತಿದ್ದಳು. ಅದನ್ನು ಹೇಳುವ ಅವಳ ರೀತಿಯಲ್ಲಿ ಏನೋ ಇತ್ತು. ಇವಳು ನಮ್ಮವಳು, ಮತ್ತೆ ಬರುತ್ತಾಳೆ ಎಂದು ಮನೆಮಂದಿಗೆ ಅನ್ನಿಸುತ್ತಿತ್ತು. ಹೊರಡುವುದನ್ನು ಬಲ್ಲವರು ಮಾತ್ರ ಈ ಕಸುಬಿನಲ್ಲಿ ಮೇಲೆ ಬರುತ್ತಾರೆ ಎಂದು ಪದ್ಮರಾಜಯ್ಯ ಕಿರಿಯರಿಗೆ ಅವಳನ್ನೇ ತೋರಿಸಿ ಹೇಳುತ್ತಿದ್ದರು.

ಸಹಿ ಬಿದ್ದ ಮೇಲೆ ಆ ಮನೆಯ ಕಡೆ ತಿರುಗಿ ನೋಡಬಾರದು ಎಂಬುದೂ ಅವರದೇ ಪಾಠ. ಮಾರಿದವರಿಗೆ ಮೂರು ತಿಂಗಳಲ್ಲಿ ಪಶ್ಚಾತ್ತಾಪ ಶುರುವಾಗುತ್ತದೆ, ಅಳುತ್ತಾರೆ, ಬಿಡಿಸಿಕೊಡು ಎನ್ನುತ್ತಾರೆ. ಹೆರಿಗೆ ಮಾಡಿಸಿದ ಡಾಕ್ಟರು ಪ್ರತಿ ನಾಮಕರಣಕ್ಕೂ ಹೋಗುತ್ತ ಕೂತರೆ ಮುಂದಿನ ಹೆರಿಗೆ ಮಾಡಿಸುವವರು ಯಾರು? ತನ್ಮಯಿ ಆ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದಳು.

ಹಾಗಾಗಿ ಅವಳು ಒಂಟಿಯಾಗಿದ್ದಳು. ಅದನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ. ತಂದೆತಾಯಿ ತೀರಿಕೊಂಡಿದ್ದರು, ಮದುವೆ ಇವತ್ತು ನಾಳೆ ಎನ್ನುತ್ತ ನಲವತ್ತು ದಾಟಿತ್ತು. ನಾಡಿನ ಮೂಲೆಮೂಲೆಯ ಅಡುಗೆಮನೆಗಳಲ್ಲಿ ಅವಳಿಗೆ ಮಣೆ ಹಾಕಿದ್ದರು. ಆದರೂ ಯುಗಾದಿಯ ಬೆಳಿಗ್ಗೆ ಎದ್ದರೆ ಹೋಗಲಿಕ್ಕೆ ಒಂದು ಮನೆಯಿರಲಿಲ್ಲ. ಅಂಗಡಿಯಿಂದ ತಂದ ಎರಡು ಒಬ್ಬಟ್ಟಿನಲ್ಲಿ ಒಂದನ್ನು ತಿಂದು, ಇನ್ನೊಂದನ್ನು ಫ್ರಿಜ್ಜಿನಲ್ಲಿಟ್ಟು, ಆಫೀಸಿನ ಕೆಲಸ ತೆರೆದು ಕೂರುತ್ತಿದ್ದಳು. ಇಷ್ಟೆಲ್ಲ ಪಾಲುದಾರಿಕೆಗಾಗಿ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಪದ್ಮರಾಜಯ್ಯನವರು ನಿವೃತ್ತರಾಗುವಾಗ ಆ ಕುರ್ಚಿ ತನ್ನದು. ಆಗ ಎಲ್ಲದಕ್ಕೂ ಅರ್ಥ ಬರುತ್ತದೆ.

ಆ ಕಾಲವೂ ಬಂತು. ಹೆಸರು ನಿಶ್ಚಯವಾಯಿತು. ಪಾಲುದಾರರಾಗುವವರು ನುಡಿಕೋಠಿಯಿಂದ 'ಯಾವ ಮಾತೂ ಬಾಕಿ ಇಲ್ಲ' ಎಂಬ ಪ್ರಮಾಣಪತ್ರ ತರಬೇಕಿತ್ತು. ತನ್ಮಯಿಗೆ ಅದರ ಬಗ್ಗೆ ಯೋಚನೆಯೇ ಇರಲಿಲ್ಲ. ಮೇಜಿನ ಮುಂದೆ ಅವಳಷ್ಟು ಅಳೆದು ತೂಗಿ ಮಾತಾಡುವವರು ಇನ್ನೊಬ್ಬರಿರಲಿಲ್ಲ. ಪ್ರಮಾಣಪತ್ರದ ಬದಲು ಬಾಕಿಯ ವಿವರ ಬಂತು. ಪದ್ಮರಾಜಯ್ಯ ಅದನ್ನು ಮುಂದಿಟ್ಟು, ಅಮ್ಮ ತಾಯಿ, ಯಾರ್‍ಯಾರಿಗೆ ಏನೇನು ಮಾತು ಕೊಟ್ಟು ಬಂದಿದ್ದೀಯ ಎಂದು ಕೇಳಿದರು. ಅವಳು ಓದಿದಳು. ರಾಣೆಬೆನ್ನೂರು: ಬರುತ್ತೇನೆ. ತಿಪಟೂರು: ಬರುತ್ತೇನೆ. ಹರಿಹರ: ಹೋಗಿ ಬರುತ್ತೇನೆ. ಹಾಳೆಯ ತುಂಬ ಅದೇ. ಅವಳಿಗೆ ನಗು ಬಂತು. ಬಾಗಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಆಡಿದ ಮಾತು ಅದು. ಆಗ ತನ್ನ ಕಾಲರು ಮಿನುಗಿದ್ದು ತನಗೆ ಕಾಣುವುದಾದರೂ ಹೇಗೆ? ಪದ್ಮರಾಜಯ್ಯ ನಗಲಿಲ್ಲ. ಪಾಲುದಾರರ ಸಭೆ ಮುಂದಿನ ತಿಂಗಳು, ಅಷ್ಟರೊಳಗೆ ಇದನ್ನು ಬಗೆಹರಿಸಿಕೋ ಎಂದರು.

ನುಡಿಕೋಠಿ ಇದ್ದದ್ದು ಮೈಸೂರಿನ ಹೊರಗೆ. ಯಂತ್ರಕ್ಕೆ ಕನ್ನಡ ಕಲಿಸಿದ ವಿಜ್ಞಾನಿ ಡಾ. ಗುರುಮಲ್ಲೇಶ್ ಚಾಮರಾಜನಗರದ ಕಡೆಯವರು, ಅರವತ್ತರ ಹತ್ತಿರದವರು, ದೊಡ್ಡ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ಸಂದರ್ಶಕರ ಕುರ್ಚಿಯ ಮೇಲೆ ಪುಸ್ತಕ ಪೇರಿಸಿತ್ತು. ಯಾರಾದರೂ ಬಂದು ಬಹಳ ದಿನವಾಗಿರಬೇಕು. ಅವಳ ದೂರು ಕೇಳಿ ಅವರು ಹಣೆ ಉಜ್ಜಿಕೊಂಡರು.

"ತಪ್ಪು ನಂದೇ ಕಣಮ್ಮ. ಕರಾರುಪತ್ರ, ಕೋರ್ಟಿನ ತೀರ್ಪು, ಪಂಚಾಯ್ತಿ ಕಾಗದ, ಎಲ್ಲಾನೂ ಇದಕ್ಕೆ ಓದಿಸ್ದೆ. ಕರಾರುಪತ್ರದ ಕೊನೇಲಿ ಯಾರೂ 'ಬರ್ತೀನಿ' ಅಂತ ಬರೆಯಲ್ವಲ್ಲ. ಅದಕ್ಕೇ ಇದು 'ಬರ್ತೀನಿ' ಅಂದ್ರೆ ಬರ್ತೀನಿ ಅಂತಾನೇ ತಿಳ್ಕೊಂಡಿದೆ."

"ಮತ್ತೆ 'ಹೋಗ್ತೀನಿ' ಅನ್ನೋಕಾಗುತ್ತಾ ಸಾರ್?"

"ಬಿಡ್ತು ಅನ್ನಿ," ಎಂದರು ವಿಜ್ಞಾನಿ ತಟ್ಟನೆ.

ಆಮೇಲೆ ಅವರು ಬಿಡಿಸಿ ಹೇಳಿದರು. ಒಮ್ಮೆ ದಾಖಲಾದ ಮಾತನ್ನು ಅಳಿಸಲು ತಮಗೂ ಅಧಿಕಾರವಿಲ್ಲ. ದಾರಿ ಮೂರೇ. ಮಾತಿನಂತೆ ನಡೆಯಬೇಕು: ಹೋಗಿ ಅವರ ಹೊಸ್ತಿಲು ದಾಟಿದರೆ ಯಂತ್ರ ತಾನೇ ಬಾಕಿ ತೀರಿಸುತ್ತದೆ. ಇಲ್ಲವೆ ಮಾತು ಪಡೆದವರು ಬಿಟ್ಟುಕೊಡಬೇಕು. ಅದೂ ಇಲ್ಲವೆಂದರೆ, ಮಾತು ಕೊಟ್ಟವರು ಇಲ್ಲಿ ಕೂತು ಒಂದು ಹೇಳಿಕೆ ಕೊಡಬೇಕು. ಎಲ್ಲವೂ ಒಂದೇ ಏಟಿಗೆ ರದ್ದಾಗುತ್ತದೆ. ಬಿಟ್ಟುಕೊಡುವ ದಾರಿ ಸುಲಭವಲ್ಲವೇ ಎಂದು ಅವಳು ಕೇಳಿದಳು. ಗುರುಮಲ್ಲೇಶ್ ಹೇಳಿದರು:

"ಪ್ರತಿ ವರ್ಷ ಫಲಕ ಅವರನ್ನ ಕೇಳುತ್ತೆ, ಈ ಮಾತು ಬಿಟ್ಬಿಡ್ತೀರಾ ಅಂತ. ಹೂಂ ಅಂದ್ರೆ ಮುಗೀತು. ತೀರ್ಕೊಂಡೋರ ಮಕ್ಕಳು ಬಿಟ್ಟವ್ರೆ. ಬದುಕಿರೋರು ಒಬ್ರೂ ಬಿಟ್ಟಿಲ್ಲ."

ತನ್ಮಯಿ ಹೇಳಿಕೆಯ ಹಾಳೆ ಕೊಡಿ ಎಂದಳು. ಅದರಲ್ಲಿ ಒಂದೇ ಸಾಲು. ಇದನ್ನು ಓದಿದ ಗಳಿಗೆಯಲ್ಲಿ ಇದೇ ಮಾತು ಇದ್ದ ಹಾಗೆ ಎಲ್ಲರ ಫಲಕದಲ್ಲೂ ಮೂಡುತ್ತದೆ ಎಂದು ಅವರು ಎಚ್ಚರಿಸಿದರು. ಅವಳು ಗಂಟಲು ಸರಿಮಾಡಿಕೊಂಡು ಶುರುಮಾಡಿದಳು: "ಬರುತ್ತೇನೆ ಎಂದು ನಾನು ಹೇಳಿದಾಗ, ಬರುವ ಮನಸ್ಸು ನನಗೆ..."

'ಇರಲಿಲ್ಲ' ಎಂಬ ಕಡೆಯ ಪದವನ್ನು ಓದಲು ಆಗಲಿಲ್ಲ. ಅದು ಸುಳ್ಳಾಗಿದ್ದರೆ ಓದುತ್ತಿದ್ದಳು. ವ್ಯವಹಾರದಲ್ಲಿ ಎಷ್ಟೋ ಸುಳ್ಳುಗಳನ್ನು ನೀರು ಕುಡಿದಂತೆ ಓದಿದ್ದಳು. ಇದು ನಿಜವಾಗಿತ್ತು. ಅವಳು ಹಾಳೆಯನ್ನು ಮಡಚಿಟ್ಟಳು. ರಜೆ ಹಾಕಿ ಕಾರಿನಲ್ಲಿ ಸುತ್ತಿದರೆ ಸಭೆಯೊಳಗೆ ಎಲ್ಲ ಮನೆಗಳಿಗೂ ಹೋಗಿಬಿಡಬಹುದು, ಹೊರಡುವಾಗ ಬಾಯಿ ಬಿಗಿಹಿಡಿದರೆ ಸರಿ ಎಂದು ಅಲ್ಲೇ ಲೆಕ್ಕ ಹಾಕಿದಳು. ಅಭ್ಯಾಸ ಆಗಲಿ ಎಂಬಂತೆ ಆ ಕೋಣೆಯಿಂದಲೂ ಏನೂ ಹೇಳದೆ ಎದ್ದು ಬಂದಳು. ಗುರುಮಲ್ಲೇಶ್ ಬಾಗಿಲವರೆಗೆ ಬಂದು, ಅವಳು ಕಾರು ಹತ್ತುವವರೆಗೂ ನಿಂತೇ ಇದ್ದರು.

ಮೊದಲು ಹೋದದ್ದು ರಾಣೆಬೆನ್ನೂರಿಗೆ. ಅವಳ ಬಾಕಿಯಲ್ಲಿ ಎಲ್ಲಕ್ಕಿಂತ ಹಳೆಯದು ಅದೇ. ಅಲ್ಲಿ ನೀಲಾಂಬಿಕಾ ಹಾವನೂರ ಎಂಬ ಹೆಂಗಸು ತರಕಾರಿ ಬೀಜದ ಕಂಪನಿ ನಡೆಸಿದ್ದರು. ಮದುವೆಯಾಗದೆ ಉಳಿದು, ಟೊಮೆಟೊ, ಮೆಣಸಿನ ಹೂಗಳಿಗೆ ಕೈಯಾರೆ ಪರಾಗ ಮುಟ್ಟಿಸಿ ಹೊಸ ತಳಿ ತೆಗೆದು ಬೆಳೆದವರು. ತಮ್ಮ ನಂತರ ನೋಡಿಕೊಳ್ಳುವವರಿಲ್ಲವೆಂದು ಹತ್ತು ವರ್ಷದ ಹಿಂದೆ ಮಾರಿದ್ದರು. ತನ್ಮಯಿಗೆ ದೊಡ್ಡ ಹೆಸರು ತಂದುಕೊಟ್ಟ ಮೊದಲ ವ್ಯವಹಾರ ಅದು.

ಕಂಪನಿಯ ಎದುರಿನ ಮನೆಯಲ್ಲೇ ಅವರು ಇದ್ದರು. ತನ್ಮಯಿ ಹೊಸ್ತಿಲು ದಾಟಿದಳೋ ಇಲ್ಲವೋ, ಅವಳ ಗುಂಡಿ ಕಿಣಿ ಎಂದಿತು, ಒಳಗೆ ಗೋಡೆಯ ಫಲಕವೂ ಕಿಣಿ ಎಂದಿತು. ನೀಲಾಂಬಿಕಾ ಅವಳ ಮುಖ ನೋಡುವ ಮೊದಲು ಫಲಕ ನೋಡಿದರು. ಅದರಲ್ಲಿದ್ದ ಒಂದೇ ಒಂದು ಸಾಲು ಅಳಿಸಿಹೋಗಿ ಖಾಲಿಯಾಗಿತ್ತು.

"ತೀರಿತಲ್ಲ," ಎಂದರು ಅವರು. ಆಮೇಲೆ ನಕ್ಕು, "ಬರ್ರಿ, ಕೂಡ್ರಿ. ಬಂದಿದ್ದು ಭಾಳ ಚಲೋ ಆತು," ಎಂದರು.

ರೊಟ್ಟಿ, ಎಣ್ಣೆಗಾಯಿ ಬಡಿಸುತ್ತ ಅವರು ಕಂಪನಿಯ ಸುದ್ದಿ ಹೇಳಿದರು. ಕೊಂಡವರು ಕೊಟ್ಟ ಮಾತು ಒಂದನ್ನೂ ತಪ್ಪಲಿಲ್ಲವಂತೆ. ಹೆಸರಿನ ಬೋರ್ಡು ಮೂರು ವರ್ಷ ಇಡುತ್ತೇವೆಂದಿದ್ದರು, ಮೂರು ವರ್ಷ ಇಟ್ಟರು. ಅದು ತುಂಬಿದ ಮರುದಿನ ಬೆಳಿಗ್ಗೆಯೇ ಏಣಿ ಹಾಕಿದರು. ಫಲಕದ ಸಾಲುಗಳು ಹೀಗೆ ಒಂದೊಂದಾಗಿ ತೀರುತ್ತ ಬಂದವು. ಮೊದಲು ಮನೆಯ ತುಂಬ ಏಜೆಂಟರು, ರೈತರು, ಕೃಷಿ ಕಾಲೇಜಿನ ಹುಡುಗಿಯರು. ಚಹಾದ ಪಾತ್ರೆ ಒಲೆಯಿಂದ ಇಳಿಯುತ್ತಿರಲಿಲ್ಲ. ಮಾರಿದ ಮೇಲೆ ಅವರೆಲ್ಲ ರಸ್ತೆಯ ಆಚೆ ಬದಿಯ ಗೇಟಿಗೆ ಹೋಗಿ, ಅಲ್ಲಿಂದಲೇ ತಿರುಗಿದರು. ತಪ್ಪು ಅವರದಲ್ಲ, ಕೆಲಸ ಇದ್ದದ್ದೇ ಅಲ್ಲಿ. ಕಂಪನಿ ಜೋಡಿ ಮಂದೀನೂ ಬರೆದುಕೊಟ್ಟೆ ಅನ್ನೋದು ಸಹಿ ಮಾಡುವಾಗ ತಿಳೀಲಿಲ್ಲ ಎಂದು ನೀಲಾಂಬಿಕಾ ಶೇಂಗಾ ಚಟ್ನಿ ಮುಂದೆ ಸರಿಸಿದರು.

ತನ್ಮಯಿ ತುತ್ತು ನುಂಗಿ, ತನ್ನ ಮಾತನ್ನು ಅವರು ಏಕೆ ಬಿಟ್ಟುಕೊಡಲಿಲ್ಲ ಎಂದು ಕೇಳಿದಳು. ಅದು ಬರಿಯ ಹೊರಡುವ ಮಾತು ಎಂದು ಗೊತ್ತಿರಲಿಲ್ಲವೇ?

"ಗೊತ್ತಿಲ್ದ ಏನ್ರಿ? ನಾನೂ ಕನ್ನಡದಾಕೀನ," ಎಂದರು ನೀಲಾಂಬಿಕಾ. "ನೀವು ಬರಂಗಿಲ್ಲಂತ ನಂಗ ಅವತ್ತ ಗೊತ್ತಿತ್ತು. ಆದ್ರ ಮುಂಜಾನೆದ್ದು ನೋಡಿದ್ರ ಗ್ವಾಡಿ ಮ್ಯಾಲ, ಒಬ್ರು ಬರೋರು ಅದಾರ ಅಂತ ಬರದಿರ್ತಿತ್ತು. ಅದನ್ನ ನೋಡಿ ಎರಡು ಮಂದಿಗೆ ಆಗೂವಷ್ಟು ಚಹಾ ಇಡ್ತಿದ್ದೆ. ಅದನ್ಯಾಕ ಬಿಡ್ಲಿ?"

ತನ್ಮಯಿಗೆ ಫ್ರಿಜ್ಜಿನಲ್ಲಿಟ್ಟ ಎರಡನೆಯ ಒಬ್ಬಟ್ಟು ನೆನಪಾಯಿತು. ತಾನು ಎರಡು ತರುತ್ತಿದ್ದದ್ದು ಯಾರಿಗೆಂದು ಅವಳು ಯಾವತ್ತೂ ಕೇಳಿಕೊಂಡಿರಲಿಲ್ಲ. ಅವಳಿಗೆ ಅಳು ಬಂತು. ಖಾರ ಜಾಸ್ತಿ ಆಯಿತೇನೋ ಎಂದು ನೀಲಾಂಬಿಕಾ ಮೊಸರು ಬಡಿಸಿದರು. ಖಾರವಲ್ಲ ಎಂದು ಅವರಿಗೂ ತಿಳಿದಿತ್ತು.

ಹೊರಡುವ ಹೊತ್ತಾಯಿತು. ಮುಂದಿನ ಮನೆ ಹರಿಹರದಲ್ಲಿ, ಕತ್ತಲಾಗುವ ಮುಂಚೆ ಸೇರಬೇಕಿತ್ತು. ನೀಲಾಂಬಿಕಾ ಕುಂಕುಮ ಇಟ್ಟರು. ತನ್ಮಯಿ ಚಪ್ಪಲಿ ಮೆಟ್ಟಿ ಹೊಸ್ತಿಲಿನಾಚೆ ನಿಂತಳು. ಒಂದೂ ಮಾತು ಆಡದೆ ಕೈಮುಗಿದು ಹೋಗಿಬಿಟ್ಟರೆ ಬಾಕಿ ತೀರಿದಂತೆಯೇ ಉಳಿಯುತ್ತದೆ, ಕುರ್ಚಿ ತನ್ನದಾಗುತ್ತದೆ. 'ಬೈ' ಎಂದರೂ ಯಂತ್ರ ಕಿವಿಗೊಡುವುದಿಲ್ಲ. ಅವಳು ಕೈಮುಗಿದಳು. ನೀಲಾಂಬಿಕಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಅವರ ಬೆನ್ನ ಹಿಂದೆ ಗೋಡೆಯ ಮೇಲೆ ಖಾಲಿ ಫಲಕ ಕಾಣುತ್ತಿತ್ತು. ತನ್ಮಯಿ ಎರಡು ಹೆಜ್ಜೆ ಹೋದಳು, ನಿಂತಳು, ತಿರುಗಿದಳು.

"ಬರ್ತೀನ್ರಿ."

ಈ ಸಲ ಅವಳು ಬಾಗಿರಲಿಲ್ಲ. ಕಾಲರು ಮಿನುಗಿದ್ದು ಕಣ್ಣಿನ ಅಂಚಿಗೆ ಕಾಣಿಸಿತು. ಒಳಗೆ ಫಲಕ ಕಿಣಿ ಎಂದಿತು. "ಹೂಂನ್ರಿ, ಹೋಗಿ ಬರ್ರಿ," ಎಂದು ನೀಲಾಂಬಿಕಾ ಒಳಗೆ ಹೋದರು, ಸಾಲನ್ನು ಓದಲು ಇರಬೇಕು.

ಹರಿಹರದಲ್ಲೂ ಅದೇ ಆಯಿತು. ತಿಪಟೂರಿನಲ್ಲಿ ಮಾತ್ರ ಬೇರೆ. ಕೊಬ್ಬರಿ ಎಣ್ಣೆಯ ಕಂಪನಿ ಮಾರಿದ್ದ ಮುದ್ದಲಿಂಗಪ್ಪನವರು ಅವಳನ್ನು ಜಗಲಿಯ ಮೇಲೆ ನಿಲ್ಲಿಸಿಕೊಂಡು, ನನ್ನ ಕಂಪನಿಯನ್ನು ನೀರಿನ ಬೆಲೆಗೆ ಕೊಡಿಸಿದೆ ಎಂದು ಹಿಗ್ಗಾಮುಗ್ಗ ಬೈದರು. ಅವಳು ನಿಂತು ಕೇಳಿದಳು. ಅದರಲ್ಲಿ ಅರ್ಧ ನಿಜವೂ ಆಗಿತ್ತು. ಬೈದು ಸುಸ್ತಾಗಿ ಎಳನೀರು ತರಿಸಿಕೊಟ್ಟು, ಇನ್ನೂ ಬೈಯೋದೈತೆ, ಮುಂದಿನ ತಿಂಗಳು ಬಾ ಎಂದರು. ಬರ್ತೀನಿ ಎಂದು ಅವಳು ಗೇಟು ತೆರೆದಳು.

ಪಾಲುದಾರರ ಸಭೆಯ ದಿನ ಅವಳ ಬಾಕಿ ಒಂದೂ ಇಳಿದಿರಲಿಲ್ಲ. ಕುರ್ಚಿ, ಹೊರಡುವಾಗ 'ಬೈ' ಎನ್ನುವ ಸಹೋದ್ಯೋಗಿ ಪ್ರಣವನಿಗೆ ಹೋಯಿತು. ಅವಳಿಗೆ ನೋವಾಯಿತು, ಇಷ್ಟು ವರ್ಷ ಕಾದದ್ದು ಕೈತಪ್ಪಿದರೆ ಯಾರಿಗಾದರೂ ನೋವಾಗುತ್ತದೆ. ಪದ್ಮರಾಜಯ್ಯ ಅವಳನ್ನು ಒಳಗೆ ಕರೆದು, ಒಂದು ಬಾಕಿ ತೀರಿಸಿ ಅಲ್ಲೇ ಇನ್ನೊಂದು ಮಾಡಿಕೊಂಡು ಬರುವುದು ಯಾವ ಸಂಧಿಯಮ್ಮ ಎಂದು ಸಿಟ್ಟಿನಿಂದ ಕೇಳಿದರು.

"ನೀವು ಪಾಠದಲ್ಲಿ ಬಿಟ್ಟಿದ್ದು ಸಾರ್," ಎಂದಳು ತನ್ಮಯಿ.

ಅವಳು ಕೆಲಸ ಬಿಡಲಿಲ್ಲ. ವಾರವೆಲ್ಲ ಮೇಜಿನ ತುದಿಯಲ್ಲಿ ಕೂತು ಎರಡು ಕಂಪನಿಗಳನ್ನು ಕೂಡಿಸುತ್ತಿದ್ದಳು, ಭಾನುವಾರ ಯಾವುದಾದರೊಂದು ಊರಿನ ಬಸ್ಸು ಹತ್ತುತ್ತಿದ್ದಳು. ಬಸ್ಸಿನ ಕಿಟಕಿಯ ಪಕ್ಕ ಒಂಟಿತನ ಈಗಲೂ ಜೊತೆಗೆ ಬಂದು ಕೂರುತ್ತಿತ್ತು. ಆದರೆ ಊರು ಬಂದಾಗ ಅದು ಇಳಿಯುತ್ತಿರಲಿಲ್ಲ, ಅವಳೊಬ್ಬಳೇ ಇಳಿಯುತ್ತಿದ್ದಳು.

ಯುಗಾದಿಯ ದಿನ ಅವಳು ರಾಣೆಬೆನ್ನೂರಿನ ಮನೆಯಲ್ಲಿ ಹೂರಣದ ಪಾತ್ರೆಯ ಮುಂದೆ ಕೂತಿದ್ದಾಗ ಫೋನು ಬಂತು. ಡಾ. ಗುರುಮಲ್ಲೇಶ್. ನಿಮ್ಮ ಲೆಕ್ಕದಲ್ಲಿ ಬಾಕಿ ತೀರುತ್ತದೆ, ತೀರಿದ ಗಳಿಗೆಯಲ್ಲೇ ಮತ್ತೆ ಹುಟ್ಟುತ್ತದೆ, ಯಂತ್ರ ಕೆಟ್ಟಿರಬೇಕು, ರಿಪೇರಿ ಮಾಡಲೇ ಎಂದು ಕೇಳಿದರು. ಅದು ಸರಿಯಾಗಿಯೇ ಇದೆ, ಮುಟ್ಟಬೇಡಿ ಎಂದಳು ತನ್ಮಯಿ. ಹಬ್ಬದ ದಿನವೂ ಆಫೀಸಿನಲ್ಲಿದ್ದೀರಾ ಎಂದು ಅವಳು ಕೇಳಿದಳು.

"ಹೂಂ ಕಣಮ್ಮ. ಇನ್ನೆಲ್ಲಿಗೆ ಹೋಗ್ಲಿ," ಎಂದರು ಅವರು. ಬಳಿಕ ಕೆಮ್ಮಿ, ಸಂಕೋಚದಿಂದ, "ಅವತ್ತು ನೀವು ಏನೂ ಹೇಳ್ದೇನೇ ಹೊಂಟೋದ್ರಿ," ಎಂದರು.

ತನ್ಮಯಿಗೆ ಪುಸ್ತಕ ಪೇರಿಸಿದ ಆ ಕುರ್ಚಿ ಕಣ್ಣಿಗೆ ಬಂತು. ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನನ್ನು ಸರಿಯಾಗಿ ಹಿಡಿದಳು.

"ಬರ್ತೀನಿ ಸಾರ್," ಎಂದಳು.